ತೂಕದ ಚಿಂತೆಯಿಲ್ಲದ ಉಪವಾಸ

ಊಟ ಬಿಟ್ಟು ಸೊರಗುವ ಹುಡುಗಿಯರೆಲ್ಲ ತೆಳ್ಳಗಾಗಲು ಹೊರಟವರಲ್ಲ. ಅವರಲ್ಲಿ ಹಲವರಿಗೆ ಆಟಿಸಂ ಇದೆ. ಅದು ಮನೆಯವರಿಗೂ ಗೊತ್ತಿಲ್ಲ, ವೈದ್ಯರಿಗೂ ಗೊತ್ತಿಲ್ಲ, ಅವರಿಗೇ ಗೊತ್ತಿಲ್ಲ. ಕನ್ನಡಿಯ ಬಗ್ಗೆ ಕೇಳಿ ಬಾಲ್ಯದ ಬಗ್ಗೆ ಕೇಳದೆ ಬಿಟ್ಟರೆ ಚಿಕಿತ್ಸೆ ಹಾದಿ ತಪ್ಪುತ್ತದೆ.

1938ರ ಶರತ್ಕಾಲ. ಅಮೆರಿಕದ ಬಾಲ್ಟಿಮೋರ್‌ನಲ್ಲಿರುವ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಮಕ್ಕಳ ಮನೋವೈದ್ಯ ಲಿಯೊ ಕ್ಯಾನರ್ ಅವರ ಕೈಗೆ ಒಂದು ಪತ್ರ ಬರುತ್ತದೆ. ಟೈಪ್ ಮಾಡಿದ 33 ಪುಟಗಳು. ಬರೆದವರು ಮಿಸಿಸಿಪ್ಪಿ ರಾಜ್ಯದ ಫಾರೆಸ್ಟ್ ಎಂಬ ಪುಟ್ಟ ಊರಿನ ವಕೀಲರು. ವಿಷಯ, ಅವರ ಐದು ವರ್ಷದ ಮಗ ಡೊನಾಲ್ಡ್. ಹುಡುಗ ದುಂಡಗಿನದು ಏನು ಸಿಕ್ಕರೂ ನೆಲದ ಮೇಲೆ ಗಿರಗಿರ ತಿರುಗಿಸುತ್ತಾನೆ. ಕರೆದರೆ ತಿರುಗಿ ನೋಡುವುದಿಲ್ಲ. ತನ್ನಷ್ಟಕ್ಕೆ ಬಿಟ್ಟರೆ ಅವನಷ್ಟು ಸುಖಿ ಇನ್ನೊಬ್ಬನಿಲ್ಲ. ಇವೆಲ್ಲದರ ನಡುವೆ ಆ ತಂದೆ ಊಟದ ಮಾತನ್ನೂ ಎತ್ತಿದ್ದರು: ಉಣ್ಣುವುದು ಮೊದಲಿನಿಂದಲೂ ತಕರಾರಿನ ವಿಷಯವೇ, ಬೇರೆ ಮಕ್ಕಳು ಮಿಠಾಯಿ, ಐಸ್‌ಕ್ರೀಂ ತಿನ್ನುವುದನ್ನು ಕಂಡರೂ ಇವನಿಗೆ ಬಾಯಲ್ಲಿ ನೀರೂರುವುದಿಲ್ಲ. ಐದು ವರ್ಷಗಳ ನಂತರ, 1943ರಲ್ಲಿ, ಕ್ಯಾನರ್ ಪ್ರಕಟಿಸಿದ ಪ್ರಬಂಧದಲ್ಲಿ ಡೊನಾಲ್ಡ್ ಮೊದಲನೆಯವನು. ಆಟಿಸಂ ಎಂಬ ಸ್ಥಿತಿಯನ್ನು ವೈದ್ಯಲೋಕಕ್ಕೆ ಪರಿಚಯಿಸಿದ ಆ ಪ್ರಬಂಧದ 11 ಮಕ್ಕಳಲ್ಲಿ ಆರು ಮಕ್ಕಳಿಗೆ ಹುಟ್ಟಿನಿಂದಲೇ ಊಟದ ತೀವ್ರ ತೊಂದರೆ ಇತ್ತು. ಒಂದು ಹೆಣ್ಣುಮಗುವಿಗೆ ವರ್ಷ ತುಂಬುವವರೆಗೂ ನಳಿಕೆಯ ಮೂಲಕವೇ ಹಾಲು, ಆಹಾರ ಇಳಿಸಬೇಕಾಗಿತ್ತು.

ಕ್ಯಾನರ್ ಅದನ್ನು ಗಮನಿಸಿ ಬರೆದಿಟ್ಟರು. ಮುಂದೆ ಬಂದವರು ಹೆಚ್ಚಾಗಿ ದಾಟಿ ಹೋದರು. ಆಟಿಸಂ ಗಂಡುಮಕ್ಕಳ ಖಾತೆಗೆ ಸೇರಿತು. ಊಟ ನಿರಾಕರಿಸಿ ಕ್ಷೀಣಿಸುವ ಅನೊರೆಕ್ಸಿಯಾ ಹುಡುಗಿಯರ ಖಾತೆಗೆ. ಇಂದಿಗೂ ಕ್ಯಾಲೆಂಡರಿನಲ್ಲಿ ಎರಡರ ನಡುವಿನ ಆ ಗೋಡೆ ಹಾಗೇ ನಿಂತಿದೆ: ಏಪ್ರಿಲ್ 2 ವಿಶ್ವ ಆಟಿಸಂ ಜಾಗೃತಿ ದಿನ, ಸರಿಯಾಗಿ ಎರಡು ತಿಂಗಳಿಗೆ ಜೂನ್ 2 ಈಟಿಂಗ್ ಡಿಸಾರ್ಡರ್‌ಗಳ ಜಾಗತಿಕ ದಿನ. ಮೊದಲನೆಯದಕ್ಕೆ ನೀಲಿ ದೀಪ ಉರಿಯುತ್ತದೆ, ಎರಡನೆಯದು ಬಂದು ಹೋದದ್ದು ನಮ್ಮಲ್ಲಿ ಬಹುಪಾಲು ಜನರಿಗೆ ತಿಳಿಯುವುದೇ ಇಲ್ಲ. ಎರಡು ದಿನ, ಎರಡು ವೇದಿಕೆ, ಎರಡು ಬಗೆಯ ತಜ್ಞರು. ಆದರೆ ಕಳೆದ ನಾಲ್ಕು ದಶಕಗಳ ಸಂಶೋಧನೆಯನ್ನು ಒಟ್ಟಿಗೆ ಇಟ್ಟು ನೋಡಿದರೆ, ಎರಡೂ ಕಡೆಯವರು ಎಷ್ಟೋ ಸಲ ಒಬ್ಬಳೇ ರೋಗಿಯ ಬಗ್ಗೆ ಮಾತಾಡುತ್ತಿದ್ದಾರೆ ಎಂಬುದು ಕಾಣುತ್ತದೆ. ಅವಳ ಮಟ್ಟಿಗೆ ಊಟ ಬಿಟ್ಟದ್ದು ಹೊಸದಾಗಿ ಅಂಟಿದ ಇನ್ನೊಂದು ಕಾಯಿಲೆ ಅಲ್ಲ, ಹುಟ್ಟಿನಿಂದ ಬಂದ ಸ್ವಭಾವವೇ ಹರೆಯದಲ್ಲಿ ಸಿಕ್ಕಿಬಿದ್ದ ಒಂದು ಇಕ್ಕಟ್ಟು.

ದಪ್ಪಗಾಗುವ ಭಯಕ್ಕೆ ವಯಸ್ಸೆಷ್ಟು?

ಅನೊರೆಕ್ಸಿಯಾ ಎಂದೊಡನೆ ನಮ್ಮೆದುರು ನಿಲ್ಲುವ ಚಿತ್ರ ಸಿದ್ಧವಾಗಿಯೇ ಇದೆ. ಎಲುಬು ಎಣಿಸುವಷ್ಟು ಬಡಕಲಾದ ಹುಡುಗಿ ಕನ್ನಡಿಯ ಮುಂದೆ ನಿಂತು ತಾನು ದಪ್ಪ ಎಂದು ಅಳುತ್ತಿದ್ದಾಳೆ. ಹಿಂದೆ ಅದಕ್ಕೆ ಫ್ಯಾಷನ್ ಪತ್ರಿಕೆ ಕಾರಣ, ಈಗ ಇನ್‌ಸ್ಟಾಗ್ರಾಂ. ಚಿತ್ರ ಸುಳ್ಳಲ್ಲ, ಅಂಥ ರೋಗಿಗಳು ಬಹಳ ಮಂದಿ ಇದ್ದಾರೆ. ಆದರೆ ಅದು ನಾವಂದುಕೊಂಡಷ್ಟು ಹಳೆಯದಲ್ಲ. 1873–74ರಲ್ಲಿ ಪ್ಯಾರಿಸ್‌ನ ಚಾರ್ಲ್ಸ್ ಲಸೇಗ್ ಮತ್ತು ಲಂಡನ್ನಿನ ವಿಲಿಯಂ ಗಲ್ ಈ ರೋಗವನ್ನು ಬೇರೆಬೇರೆಯಾಗಿ ವಿವರಿಸಿದಾಗ ಇಬ್ಬರೂ ತೂಕದ ಭಯವನ್ನು ಕಾರಣವೆಂದು ಹೇಳಲೇ ಇಲ್ಲ. ಗಲ್ ಕಂಡದ್ದು ಉಣ್ಣದ, ಸದಾ ಚಡಪಡಿಸುವ, ತನಗೇನೂ ಆಗಿಲ್ಲ ಎನ್ನುವ ಹುಡುಗಿಯರನ್ನು. ತನ್ನ ದೇಹದ ಆಕಾರ ರೋಗಿಗೆ ತಪ್ಪಾಗಿ ಕಾಣುತ್ತದೆ ಎಂಬ ಅಂಶವನ್ನು ಮನೋವೈದ್ಯೆ ಹಿಲ್ಡೆ ಬ್ರುಕ್ ಮುಂದಿಟ್ಟದ್ದು 1962ರಲ್ಲಿ. ದಪ್ಪಗಾಗುವ ವಿಪರೀತ ಭಯವನ್ನು ಲಂಡನ್ನಿನ ಜೆರಾಲ್ಡ್ ರಸೆಲ್ ರೋಗದ ಲಕ್ಷಣಪಟ್ಟಿಗೆ ಸೇರಿಸಿದ್ದು 1970ರಲ್ಲಿ. ಅಂದರೆ ನಾವು ರೋಗದ ತಿರುಳು ಎಂದುಕೊಂಡಿರುವ ಭಯ, ರೋಗಕ್ಕೆ ಹೆಸರಿಟ್ಟು ಸುಮಾರು ಒಂದು ಶತಮಾನ ಕಳೆದ ಮೇಲೆ ಪಟ್ಟಿಗೆ ಬಂದದ್ದು.

ಪಟ್ಟಿ ಏಷ್ಯಾಕ್ಕೆ ಬಂದಾಗ ಅಳತೆ ತಪ್ಪಿತು. ಹಾಂಗ್‌ಕಾಂಗ್‌ನಲ್ಲಿ ಸಿಂಗ್ ಲೀ ಮತ್ತು ಸಹೋದ್ಯೋಗಿಗಳು 70 ಅನೊರೆಕ್ಸಿಯಾ ರೋಗಿಗಳನ್ನು ಪರೀಕ್ಷಿಸಿ 1993ರಲ್ಲಿ ವರದಿ ಕೊಟ್ಟರು: ಅರ್ಧಕ್ಕಿಂತ ಹೆಚ್ಚು ಮಂದಿಗೆ, ಶೇ 58.6ರಷ್ಟು ಜನರಿಗೆ, ದಪ್ಪಗಾಗುವ ಭಯವೇ ಇರಲಿಲ್ಲ. ಹೊಟ್ಟೆ ಉಬ್ಬರ, ಹಸಿವಿಲ್ಲ, ಸೇರುವುದಿಲ್ಲ ಎಂದಷ್ಟೇ ಅವರ ಉತ್ತರ. 1995ರಲ್ಲಿ ದೆಹಲಿಯ ಏಮ್ಸ್‌ನ ಮನೋವೈದ್ಯರು ಐವರು ಯುವತಿಯರ ಬಗ್ಗೆ ಬರೆದರು. ಊಟ ನಿರಾಕರಣೆ, ವಾಂತಿ, ತೀವ್ರ ತೂಕನಷ್ಟ ಎಲ್ಲವೂ ಇತ್ತು. ಪಾಶ್ಚಾತ್ಯ ಪುಸ್ತಕಗಳು ಹೇಳುವ ದೇಹದ ಆಕಾರದ ಗೀಳು ಮಾತ್ರ ಇರಲಿಲ್ಲ. ಆ ರೋಗಿಗಳಿಗೆ ಆಟಿಸಂ ಇತ್ತೆಂದು ನಾನು ಹೇಳುತ್ತಿಲ್ಲ, ಹಾಗೆ ಹೇಳಲು ಆಧಾರವೂ ಇಲ್ಲ. ಹೇಳುತ್ತಿರುವುದು ಇಷ್ಟು: ಭಯವಿಲ್ಲದೆಯೂ ಮನುಷ್ಯರು ಸಾಯುವಷ್ಟು ಹಸಿದಿರಬಲ್ಲರು ಎಂಬುದು ನಮ್ಮ ಕಡೆಯ ವೈದ್ಯರಿಗೆ ಮೊದಲೇ ಕಂಡಿತ್ತು. 2013ರಲ್ಲಿ ಅಮೆರಿಕದ ಮನೋವೈದ್ಯರ ಕೈಪಿಡಿ ಡಿಎಸ್‌ಎಂ-5 ತನ್ನ ನಿಯಮವನ್ನು ಸಡಿಲಿಸಿ, ಭಯವನ್ನು ಬಾಯಿಬಿಟ್ಟು ಹೇಳದಿದ್ದರೂ ತೂಕ ಏರದಂತೆ ನಡೆದುಕೊಳ್ಳುತ್ತಿದ್ದರೆ ಸಾಕು ಎಂದಿತು. ಬಾಗಿಲು ತೆರೆಯಿತು. ಭಯವಲ್ಲದಿದ್ದರೆ ಮತ್ತೇನು ಎಂಬ ಪ್ರಶ್ನೆ ಹಾಗೇ ಉಳಿಯಿತು.

ಅದಕ್ಕೊಂದು ಉತ್ತರ ಸ್ವೀಡನ್ನಿನಲ್ಲಿ ಆಗಲೇ ಬೆಳೆಯುತ್ತಿತ್ತು. ಗೋಥೆನ್‌ಬರ್ಗ್‌ನ ಮಕ್ಕಳ ಮನೋವೈದ್ಯ ಕ್ರಿಸ್ಟೋಫರ್ ಗಿಲ್‌ಬರ್ಗ್ 1983ರಲ್ಲಿ ಬ್ರಿಟಿಷ್ ಜರ್ನಲ್ ಆಫ್ ಸೈಕಿಯಾಟ್ರಿಗೆ ಒಂದು ಪುಟ್ಟ ಪತ್ರ ಬರೆದು ಆಟಿಸಂ ಮತ್ತು ಅನೊರೆಕ್ಸಿಯಾ ಸಂಬಂಧಿಗಳೇ ಎಂದು ಕೇಳಿದರು. ಆಟಿಸಂ ಇರುವ ಹುಡುಗರ ಮನೆತನಗಳಲ್ಲಿ ಅನೊರೆಕ್ಸಿಯಾ ಇರುವ ಹುಡುಗಿಯರು ಅವರ ಕಣ್ಣಿಗೆ ಬಿದ್ದಿದ್ದರು. ಪತ್ರ ಬರೆದು ಸುಮ್ಮನಾಗದೆ, 1985ರಿಂದ ಮರಿಯಾ ರೋಸ್ತಾಮ್ ಜೊತೆ ಸೇರಿ ನಗರದ ಶಾಲೆಗಳಲ್ಲೇ ಹುಡುಕಿ ಹದಿಹರೆಯದ 51 ಮಂದಿ ಅನೊರೆಕ್ಸಿಯಾ ಇರುವವರನ್ನು (48 ಹುಡುಗಿಯರು, ಮೂವರು ಹುಡುಗರು), ಅವರದೇ ವಯಸ್ಸಿನ 51 ಆರೋಗ್ಯವಂತರನ್ನು ಆರಿಸಿ, ಎರಡೂ ಗುಂಪುಗಳನ್ನು ಮೂರು ದಶಕಗಳ ಕಾಲ ಹಿಂಬಾಲಿಸಿದರು. ಆಸ್ಪತ್ರೆಗೆ ಬಂದವರನ್ನಷ್ಟೇ ಎಣಿಸುವ ಅಧ್ಯಯನಗಳ ನಡುವೆ ಇದರ ತೂಕವೇ ಬೇರೆ. ಅನೊರೆಕ್ಸಿಯಾ ಗುಂಪಿನಲ್ಲಿ ಮೂವರಲ್ಲಿ ಒಬ್ಬರ ಆಸುಪಾಸು ಮಂದಿಗೆ ಒಂದಲ್ಲ ಒಂದು ಹಂತದ ತಪಾಸಣೆಯಲ್ಲಿ ಆಟಿಸಂ ವರ್ಗದ ನಿರ್ಣಯ ದೊರೆಯಿತು. ಪ್ರತಿ ತಪಾಸಣೆಯಲ್ಲೂ ಅದು ಉಳಿದದ್ದು ಕೆಲವೇ ಮಂದಿಯಲ್ಲಿ. 18 ವರ್ಷಗಳ ನಂತರ ನೋಡಿದಾಗ, ಬಹುತೇಕರ ತೂಕ ಸರಿಯಾಗಿದ್ದರೂ ನಾಲ್ವರಲ್ಲಿ ಒಬ್ಬರಿಗೆ ಮಾನಸಿಕ ತೊಂದರೆಯಿಂದಾಗಿ ಸಂಬಳದ ಕೆಲಸವಿರಲಿಲ್ಲ. ಆಟಿಸಂ ಲಕ್ಷಣ ಇದ್ದವರ ಬದುಕೇ ಹೆಚ್ಚು ಹಳಿ ತಪ್ಪಿತ್ತು.

[ಬಾಕ್ಸ್] ಆರ್‌ಫಿಡ್ ಎಂದರೆ
ತೂಕದ, ಆಕಾರದ ಚಿಂತೆ ಒಂದಿಷ್ಟೂ ಇಲ್ಲದೆ, ರುಚಿ, ವಾಸನೆ, ಸ್ಪರ್ಶ ಸೇರದೆಯೋ, ಗಂಟಲಿಗೆ ಸಿಕ್ಕೀತೆಂಬ ಅಂಜಿಕೆಯಿಂದಲೋ, ಊಟದಲ್ಲಿ ಆಸಕ್ತಿಯೇ ಇಲ್ಲದೆಯೋ ಆಹಾರ ಬಿಡುವ ಸ್ಥಿತಿಗೆ 2013ರಲ್ಲಿ ಸಿಕ್ಕ ಹೆಸರು ಆರ್‌ಫಿಡ್. ಆಟಿಸಂ ಇರುವ ಮಕ್ಕಳಲ್ಲಿ ಇದು ಹೆಚ್ಚು, ಆದರೆ ಅವರಿಗಷ್ಟೇ ಸೀಮಿತವಲ್ಲ. 2019ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನ ವೈದ್ಯರು ವರ್ಷಗಟ್ಟಲೆ ಆಲೂಗಡ್ಡೆ ಚಿಪ್ಸ್, ಬಿಳಿ ಬ್ರೆಡ್ಡು, ಸಂಸ್ಕರಿಸಿದ ಮಾಂಸ ಇಷ್ಟರಲ್ಲೇ ಬದುಕಿದ ಹದಿಹರೆಯದ ಹುಡುಗನೊಬ್ಬನ ದೃಷ್ಟಿ ಮರಳಿ ಬಾರದಂತೆ ಹಾಳಾದುದನ್ನು ವರದಿ ಮಾಡಿದರು. ಅವನ ದೇಹದಲ್ಲಿ ಬಿ-12 ಮತ್ತು ತಾಮ್ರದ ಕೊರತೆಯಿತ್ತು. ತೂಕ, ಎತ್ತರ ಎರಡೂ ಸರಿಯಾಗಿಯೇ ಇದ್ದವು.

ಬಾಯಿ, ಹೊಟ್ಟೆ, ಲೆಕ್ಕ

ಸಂಬಂಧ ಇದೆ ಎನ್ನುವುದು ಒಂದು ಮಾತು, ಹೇಗೆ ಎನ್ನುವುದು ಇನ್ನೊಂದು. ಮೊದಲನೆಯ ಎಳೆ ಇಂದ್ರಿಯಗಳದ್ದು. ಅಮೆರಿಕದ ಸೂಸನ್ ಮೇಯ್ಸ್ ಮತ್ತು ಸಹೋದ್ಯೋಗಿ 2019ರಲ್ಲಿ ಪ್ರಕಟಿಸಿದ, 2,000ಕ್ಕೂ ಹೆಚ್ಚು ಮಕ್ಕಳ ಅಧ್ಯಯನದಲ್ಲಿ ಆಟಿಸಂ ಇರುವ ಮಕ್ಕಳ ಪೈಕಿ ಶೇ 70ರಷ್ಟು ಮಂದಿಗೆ ಊಟದ ವಿಚಿತ್ರ ಪಟ್ಟುಗಳಿದ್ದವು. ಉಳಿದ ಸಾಮಾನ್ಯ ಮಕ್ಕಳಲ್ಲಿ ಅದು ಶೇ 5ಕ್ಕೂ ಕಡಿಮೆ. ನಮ್ಮ ಅಡುಗೆಮನೆಗೆ ತಂದು ನೋಡಿ. ಮೊಸರನ್ನದಲ್ಲಿ ಒಗ್ಗರಣೆಯ ಒಂದು ಸಾಸಿವೆಕಾಳು ಹಲ್ಲಿಗೆ ಸಿಕ್ಕರೆ ಇಡೀ ತುತ್ತು ಹೊರಗೆ. ಬೆಂಡೆಕಾಯಿಯ ಲೋಳೆ ಕಂಡರೆ ವಾಕರಿಕೆ. ಸಾರು ಅನ್ನಕ್ಕೆ ತಾಗಿದರೆ ಆ ತಟ್ಟೆ ಕೆಟ್ಟಿತು. ಮನೆಯವರು ಇದನ್ನು ಹಟ ಎನ್ನುತ್ತಾರೆ, ಮುದ್ದು ಹೆಚ್ಚಾಯಿತು ಎನ್ನುತ್ತಾರೆ. ಆದರೆ ಇಂಥ ಮಗುವಿಗೆ ಸ್ಪರ್ಶ, ವಾಸನೆ, ಸದ್ದು ನಮಗೆ ಬರುವ ಪ್ರಮಾಣದಲ್ಲಿ ಬರುವುದಿಲ್ಲ. ಕೆಲವು ಹಲವು ಪಟ್ಟು ಜೋರಾಗಿ, ಕೆಲವು ಬಾರದೇ ಇರುತ್ತವೆ. ಅಂಗಡಿಯ ಬಿಸ್ಕತ್ತನ್ನೇ ಹಿಡಿದು ಕೂರುವುದರಲ್ಲೂ ತರ್ಕವಿದೆ: ನಿನ್ನೆಯ ಪೊಟ್ಟಣದ ಬಿಸ್ಕತ್ತಿಗೂ ಇಂದಿನದಕ್ಕೂ ರುಚಿಯಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ, ಟೊಮೆಟೊ ಮಾತ್ರ ಒಂದು ಹುಳಿ, ಇನ್ನೊಂದು ಸಪ್ಪೆ.

ಎರಡನೆಯದು ಹೊಟ್ಟೆಯೊಳಗಿನ ಸುದ್ದಿ. ಹಸಿವು, ಬಾಯಾರಿಕೆ, ಸುಸ್ತು, ಎದೆಬಡಿತ ಇವನ್ನು ಮಿದುಳು ಓದಿಕೊಳ್ಳುವ ಶಕ್ತಿ ಆಟಿಸಂ ಇರುವ ಹಲವರಲ್ಲಿ ಏರುಪೇರಾಗಿರುತ್ತದೆ. ಸ್ಕೂಟರಿನ ಪೆಟ್ರೋಲ್ ಮುಳ್ಳು ಕೆಟ್ಟರೆ ಟ್ಯಾಂಕು ಖಾಲಿಯಾದದ್ದು ಗಾಡಿ ನಿಂತಾಗಲೇ ತಿಳಿಯುತ್ತದಲ್ಲ, ಹಾಗೆ. ಹಸಿವು ತಿಳಿಯದವಳಿಗೆ ಊಟ ಬಿಡಲು ವಿಶೇಷ ಸಂಕಲ್ಪವೇನೂ ಬೇಕಿಲ್ಲ. ಪರೀಕ್ಷೆಯ ಗಡಿಬಿಡಿಯಲ್ಲಿ ಮರೆತರೂ ಸಾಕು. ತನ್ನ ಭಾವನೆ ಯಾವುದೆಂದು ತನಗೇ ಗುರುತಿಸಲಾಗದ ಸ್ಥಿತಿಯೂ ಎರಡೂ ಕಡೆಯ ರೋಗಿಗಳಲ್ಲಿ ಸಾಮಾನ್ಯ. ಹೊಟ್ಟೆಯಲ್ಲಿ ಸಂಕಟವಾಗುತ್ತಿದೆ, ಅದು ಹಸಿವೋ, ಅಂಜಿಕೆಯೋ, ಸಿಟ್ಟೋ ಗೊತ್ತಾಗುತ್ತಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ನಮ್ಮ ಗಾದೆ ಸಲೀಸಾಗಿ ಹೇಳಿಬಿಡುತ್ತದೆ. ಊಟವೂ ಮಾತೂ ಎರಡೂ ಕಲಿತು ಅಭ್ಯಾಸ ಮಾಡಬೇಕಾದ ಪರಭಾಷೆಯಂತಿರುವವರ ಗತಿ ಏನೆಂದು ಗಾದೆ ಮಾಡಿದವರು ಯೋಚಿಸಿರಲಾರರು.

ಆದರೆ ಬಾಲ್ಯದ ಪಟ್ಟು ಹರೆಯದಲ್ಲಿ ಪ್ರಾಣಕ್ಕೆ ಕುತ್ತಾಗುವುದು ಮೂರನೆಯ ಎಳೆಯಿಂದ, ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದೂ ಅದೇ. ಹನ್ನೆರಡು–ಹದಿಮೂರರ ಹೊತ್ತಿಗೆ ಹುಡುಗಿಯ ಜಗತ್ತು ಒಂದೇ ಸಲಕ್ಕೆ ಬದಲಾಗುತ್ತದೆ. ದೇಹ ಕೇಳದೆ ಬೇರೆಯಾಗುತ್ತದೆ, ಶಾಲೆ ಬದಲಾಗುತ್ತದೆ, ಗೆಳತಿಯರ ಮಾತಿನಲ್ಲಿ ಹೇಳದೆ ಹೇಳುವುದೇ ಹೆಚ್ಚಾಗುತ್ತದೆ. ಇಲ್ಲಿಯವರೆಗೆ ಇತರರನ್ನು ನೋಡಿ ನಕಲು ಮಾಡಿ ಹೇಗೋ ಸಾಗಿಸಿದವಳಿಗೆ ಇನ್ನು ಸಾಗುವುದಿಲ್ಲ. ಅಷ್ಟರಲ್ಲಿ ಪೊಟ್ಟಣದ ಹಿಂಬದಿಯ ಕ್ಯಾಲೊರಿ ಕಣ್ಣಿಗೆ ಬೀಳುತ್ತದೆ: ಸ್ಪಷ್ಟ ಅಂಕಿ, ಸ್ಪಷ್ಟ ನಿಯಮ, ಕೂಡಿಸಿ ಕಳೆದರೆ ಪ್ರತಿದಿನ ಒಂದೇ ಉತ್ತರ. ಮನುಷ್ಯರು ಕೊಡದ ಖಚಿತತೆಯನ್ನು ಅದು ಕೊಡುತ್ತದೆ. ಉಪವಾಸ ಮುಂದುವರಿದಂತೆ ಸದ್ದು ಮಂದವಾಗುತ್ತದೆ, ಭಾವನೆ ಮರಗಟ್ಟುತ್ತದೆ, ಬೆಳೆಯುತ್ತಿದ್ದ ದೇಹ ಮತ್ತೆ ಮಗುವಿನ ದೇಹವಾಗುತ್ತದೆ, ಮುಟ್ಟೂ ನಿಲ್ಲುತ್ತದೆ. 2020ರಲ್ಲಿ ಬ್ರಿಟನ್ನಿನ ಸಂಶೋಧಕರು ಆಟಿಸಂ ಮತ್ತು ಅನೊರೆಕ್ಸಿಯಾ ಎರಡನ್ನೂ ಅನುಭವಿಸಿದ ಮಹಿಳೆಯರನ್ನು, ಪೋಷಕರನ್ನು, ಚಿಕಿತ್ಸಕರನ್ನು ದೀರ್ಘವಾಗಿ ಸಂದರ್ಶಿಸಿದಾಗ ಹೊರಬಂದದ್ದು ಈ ಬಗೆಯ ಕಥನಗಳೇ. ತೆಳ್ಳಗೆ ಕಾಣುವ ಆಸೆ ಕೆಲವರಲ್ಲಿ ಇತ್ತು, ಕೆಲವರಲ್ಲಿ ಗೆಳತಿಯರ ಡಯಟ್ಟನ್ನು ನಕಲು ಮಾಡಿ ಗುಂಪಿಗೆ ಸೇರುವ ಆಸೆ ಇತ್ತು. ಆದರೆ ಹಲವರ ಮಟ್ಟಿಗೆ ತೂಕವೆಂಬುದು ಉಪವಾಸದ ಗುರಿಯಾಗಿರಲಿಲ್ಲ, ಪರಿಣಾಮವಾಗಿತ್ತು.

ಇಂಥವಳನ್ನು ಆಸ್ಪತ್ರೆಗೆ ಕರೆತಂದಾಗ ವೈದ್ಯರು ಕೇಳುವ ಮೊದಲ ಪ್ರಶ್ನೆ: ದಪ್ಪಗಾಗುತ್ತೇನೆ ಅಂತ ಭಯವಾ? ಅವಳು ಇಲ್ಲ ಎನ್ನುತ್ತಾಳೆ. ಅದು ನಿಜ. ವೈದ್ಯರ ಟಿಪ್ಪಣಿಯಲ್ಲಿ ಮಾತ್ರ ‘ನಿರಾಕರಿಸುತ್ತಿದ್ದಾಳೆ’ ಎಂದು ದಾಖಲಾಗುವ ಸಾಧ್ಯತೆಯೇ ಹೆಚ್ಚು.

ಹಸಿವೇ ಹೀಗೆ ಮಾಡುತ್ತದಲ್ಲವೇ?

ಈ ವಾದಕ್ಕೆ ಗಟ್ಟಿಯಾದ ಆಕ್ಷೇಪವೊಂದಿದೆ, ಅದನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಉಪವಾಸ ಬಿದ್ದ ಮಿದುಳು ಯಾರದ್ದೇ ಆಗಲಿ, ಆಟಿಸಂನಂತೆ ಕಾಣತೊಡಗುತ್ತದೆ. ಇದಕ್ಕೆ ಸಾಕ್ಷಿ ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ಆನ್ಸೆಲ್ ಕೀಸ್ ನಡೆಸಿದ ಪ್ರಯೋಗ. ಮನಸ್ಸಾಕ್ಷಿಯ ಕಾರಣಕ್ಕೆ ಬಂದೂಕು ಹಿಡಿಯಲು ಒಪ್ಪದ 36 ಆರೋಗ್ಯವಂತ ಯುವಕರು ಸ್ವಇಚ್ಛೆಯಿಂದ 24 ವಾರ ಅರೆಹೊಟ್ಟೆಯಲ್ಲಿದ್ದರು. ತೂಕ ಕಾಲುಭಾಗದಷ್ಟು ಇಳಿಯಿತು. ಅದರ ಜೊತೆಗೆ ನಗು, ತಮಾಷೆ, ಸ್ನೇಹ ಎಲ್ಲವೂ ಇಳಿಯಿತು. ಒಂಟಿಯಾಗಿ ಕೂತರು, ತುತ್ತನ್ನು ಗಂಟೆಗಟ್ಟಲೆ ಎಳೆದರು, ಊಟಕ್ಕೆ ತಮ್ಮದೇ ವಿಧಿಗಳನ್ನು ಕಟ್ಟಿಕೊಂಡರು, ಅಡುಗೆ ಪುಸ್ತಕಗಳನ್ನು ಕಲೆಹಾಕಿ ಓದಿದರು. ಆ ಸ್ಥಿತಿಯಲ್ಲಿ ಅವರಿಗೆ ಆಟಿಸಂ ಪ್ರಶ್ನಾವಳಿ ಕೊಟ್ಟಿದ್ದರೆ ಎಷ್ಟು ಮಂದಿ ‘ಪಾಸಾಗುತ್ತಿದ್ದರೋ’! ಗೋಥೆನ್‌ಬರ್ಗ್‌ನಲ್ಲೇ ಎಲ್ಲ ತಪಾಸಣೆಗಳಲ್ಲೂ ನಿರ್ಣಯ ನಿಂತದ್ದು ಕೆಲವರಲ್ಲಿ ಮಾತ್ರ ಎಂಬುದನ್ನೂ ಇದರ ಪಕ್ಕಕ್ಕೆ ಇಡಬೇಕು. ತೂಕ ಪಾತಾಳಕ್ಕಿಳಿದ ದಿನ ಆಟಿಸಂ ಪರೀಕ್ಷೆ ಮಾಡಿ ಮುದ್ರೆ ಒತ್ತುವುದು ತಪ್ಪು ಎಂಬಲ್ಲಿಗೆ ಆಕ್ಷೇಪ ನೂರಕ್ಕೆ ನೂರು ಸರಿ.

ಹಾಗಾದರೆ ಹಸಿವು ಮೊದಲೋ ಸ್ವಭಾವ ಮೊದಲೋ? ತೀರ್ಮಾನಿಸಲು ಒಂದೇ ದಾರಿ: ರೋಗ ಬರುವ ಮೊದಲೇ ಮಕ್ಕಳನ್ನು ನೋಡಿಟ್ಟಿರಬೇಕು. ಬ್ರಿಸ್ಟಲ್ ಸುತ್ತಮುತ್ತ 1991–92ರಲ್ಲಿ ಹುಟ್ಟಿದ ಸಾವಿರಾರು ಮಕ್ಕಳನ್ನು ಹುಟ್ಟಿನಿಂದಲೇ ಹಿಂಬಾಲಿಸುತ್ತಿರುವ ‘ನೈಂಟೀಸ್ ಮಕ್ಕಳು’ ಅಧ್ಯಯನದಲ್ಲಿ ಅದು ಸಾಧ್ಯವಾಯಿತು. ಫ್ರಾನ್ಸೆಸ್ಕಾ ಸೋಲ್ಮಿ ಮತ್ತು ಸಂಗಡಿಗರು ಅದರ 5,381 ಮಕ್ಕಳ ಮಾಹಿತಿಯನ್ನು ಜಾಲಾಡಿದರು. ಏಳು, ಹನ್ನೊಂದು, ಹದಿನಾಲ್ಕು, ಹದಿನಾರನೆಯ ವಯಸ್ಸಿನಲ್ಲಿ ತಾಯಂದಿರು ಮಗುವಿನ ಸಾಮಾಜಿಕ ನಡವಳಿಕೆಯ ಬಗ್ಗೆ ಉತ್ತರಿಸಿದ್ದರು. ಹದಿನಾಲ್ಕಕ್ಕೆ ಮಕ್ಕಳೇ ತಮ್ಮ ಊಟದ ಬಗ್ಗೆ ಹೇಳಿದ್ದರು. ಹದಿನಾಲ್ಕಕ್ಕೆ ಉಪವಾಸ, ವಾಂತಿ, ಅತಿಯಾದ ಡಯಟ್ಟಿನಂಥ ನಡವಳಿಕೆ ತೋರಿದವರಲ್ಲಿ ಆಟಿಸಂ ಬಗೆಯ ಲಕ್ಷಣಗಳು ಏಳನೆಯ ವಯಸ್ಸಿಗೇ ಹೆಚ್ಚಿದ್ದವು. ಏಳಕ್ಕೆ ಆ ಲಕ್ಷಣವಿದ್ದವರು ಹದಿನಾಲ್ಕಕ್ಕೆ ವಾರವಾರವೂ ಇಂಥ ನಡವಳಿಕೆ ತೋರುವ ಸಂಭವ ಶೇ 24ರಷ್ಟು ಹೆಚ್ಚು. ಊಟದ ತೊಂದರೆ ಶುರುವಾದ ಮೇಲೆ ಆ ಲಕ್ಷಣಗಳು ಏರಿದ ಸುಳಿವು ಸಿಗಲಿಲ್ಲ. ಏಳು ವರ್ಷದ ಮಗುವಿನಲ್ಲಿ ಕಂಡದ್ದಕ್ಕೆ ಹದಿನಾಲ್ಕರ ಉಪವಾಸ ಕಾರಣವಾಗಲಾರದು. ಶೇ 24 ಭಾರೀ ಅಂತರವಲ್ಲ, ಒಪ್ಪೋಣ; ಇದು ಆಸ್ಪತ್ರೆಯ ರೋಗಿಗಳ ಲೆಕ್ಕವೂ ಅಲ್ಲ. ಆದರೆ ಕಾಲದ ಕ್ರಮ ಮಾತ್ರ ನಿಚ್ಚಳವಾಗಿದೆ.

ಇನ್ನೊಂದು ಆಕ್ಷೇಪ ಅಂಕಿಗಳದ್ದು. ಅನೊರೆಕ್ಸಿಯಾ ರೋಗಿಗಳಲ್ಲಿ ಎಷ್ಟು ಮಂದಿಗೆ ಆಟಿಸಂ ಎಂದು ಕೇಳಿದರೆ ಶೇ 4 ಎನ್ನುವ ಅಧ್ಯಯನವೂ ಇದೆ, ಶೇ 52 ಎನ್ನುವುದೂ ಇದೆ. ಹೆಚ್ಚಾಗಿ ಉಲ್ಲೇಖವಾಗುವುದು ನಾಲ್ಕೈದು ಮಂದಿಗೊಬ್ಬರು ಎಂಬ ಅಂದಾಜು. ಇಷ್ಟು ಹಿಗ್ಗುವ ಅಳತೆಪಟ್ಟಿಯನ್ನು ನಂಬುವುದು ಹೇಗೆ? ಡೆನ್ಮಾರ್ಕ್‌ನ ರಾಷ್ಟ್ರೀಯ ದಾಖಲೆಗಳನ್ನು ಬಳಸಿ 2015ರಲ್ಲಿ ಪ್ರಕಟವಾದ ಅಧ್ಯಯನ ಇನ್ನೊಂದು ಹೆಜ್ಜೆ ಹೋಯಿತು: ಅನೊರೆಕ್ಸಿಯಾ ಇರುವವರಲ್ಲೂ ಅವರ ಬಂಧುಗಳಲ್ಲೂ ಆಟಿಸಂ ಹೆಚ್ಚಿದೆ, ನಿಜ, ಆದರೆ ಖಿನ್ನತೆಯಂಥ ಬೇರೆ ಮಾನಸಿಕ ಕಾಯಿಲೆಗಳೂ ಹಾಗೆಯೇ ಹೆಚ್ಚಿವೆ, ಆಟಿಸಂ ಮತ್ತು ಅನೊರೆಕ್ಸಿಯಾ ನಡುವೆ ವಿಶೇಷ ನಂಟೇನೂ ಕಾಣದು. ಈ ಮಾತಿನಲ್ಲಿ ಹುರುಳಿದೆ. ಆದರೆ ಸರ್ಕಾರಿ ದಾಖಲೆಯಲ್ಲಿ ಸಿಗುವುದು ಯಾರಿಗೆ ನಿರ್ಣಯ ಆಗಿದೆಯೋ ಅವರ ಲೆಕ್ಕ. ಯಾರಿಗೆ ಆಗಬೇಕಿತ್ತೋ ಆಗಿಲ್ಲವೋ ಅವರದ್ದಲ್ಲ, ಮತ್ತು ಹುಡುಗಿಯರ ವಿಷಯದಲ್ಲಿ ತೊಡಕಿರುವುದೇ ಅಲ್ಲಿ. ಆಟಿಸಂ ನಾಲ್ಕು ಹುಡುಗರಿಗೆ ಒಬ್ಬಳು ಹುಡುಗಿ ಎಂಬ ಹಳೆಯ ಅನುಪಾತವನ್ನು 2017ರ ದೊಡ್ಡ ವಿಶ್ಲೇಷಣೆಯೊಂದು ಮೂರಕ್ಕೆ ಒಂದು ಎಂದು ತಿದ್ದಿತು, ಆಟಿಸಂ ಇದ್ದರೂ ಹುಡುಗಿಯರಿಗೆ ನಿರ್ಣಯ ಸಿಗುವ ಸಂಭವ ಕಡಿಮೆ ಎಂದೂ ತೋರಿಸಿತು. ರೈಲಿನ ವೇಳಾಪಟ್ಟಿ ಬಾಯಿಪಾಠ ಮಾಡುವ ಹುಡುಗ ವೈದ್ಯರ ಬಳಿ ಹೋಗುತ್ತಾನೆ. ಅಚ್ಚುಕಟ್ಟಾಗಿ ಕೂತು, ಕೇಳಿದ್ದಕ್ಕಷ್ಟೇ ಉತ್ತರಿಸಿ, ಪಾಠ ಕಂಠಪಾಠ ಮಾಡುವ ಹುಡುಗಿಗೆ ‘ಬಹಳ ಒಳ್ಳೆಯ ಮಗು’ ಎಂಬ ಹೊಗಳಿಕೆ ಸಿಗುತ್ತದೆ. ದಾಖಲೆಯಲ್ಲಿ ಅವಳ ಹೆಸರು ಎಲ್ಲಿಂದ ಬಂದೀತು?

ಜೊತೆಗೊಂದು ಎಚ್ಚರವೂ ಬೇಕು. ಅನೊರೆಕ್ಸಿಯಾ ಇರುವ ಬಹುಪಾಲು ಮಂದಿಗೆ ಆಟಿಸಂ ಇಲ್ಲ, ಆಟಿಸಂ ಇರುವ ಬಹುಪಾಲು ಮಂದಿಗೆ ಅನೊರೆಕ್ಸಿಯಾ ಬರುವುದಿಲ್ಲ. ಬಿಸ್ಕತ್ತೇ ಬೇಕೆನ್ನುವ ಪ್ರತಿ ಮಗುವಿನ ಮುಂದೆ ಈ ಲೇಖನ ಹಿಡಿದು ನಿಲ್ಲುವ ಅಗತ್ಯವಿಲ್ಲ.

[ಬಾಕ್ಸ್] ಹಗುರವಾಗಿ ನೋಡುವಂತಿಲ್ಲ
ಮಾನಸಿಕ ಕಾಯಿಲೆಗಳಲ್ಲಿ ಅತಿ ಹೆಚ್ಚು ಪ್ರಾಣ ತೆಗೆಯುವ ಕೆಲವೇ ಕಾಯಿಲೆಗಳ ಸಾಲಿನಲ್ಲಿ ಅನೊರೆಕ್ಸಿಯಾ ಇದೆ. 2011ರ ಸಮಗ್ರ ವಿಶ್ಲೇಷಣೆಯ ಪ್ರಕಾರ ಅದೇ ವಯಸ್ಸಿನ ಇತರರಿಗಿಂತ ಈ ರೋಗಿಗಳ ಸಾವಿನ ಪ್ರಮಾಣ ಸುಮಾರು ಆರು ಪಟ್ಟು; ಸತ್ತವರಲ್ಲಿ ಐವರಲ್ಲಿ ಒಬ್ಬರದ್ದು ಆತ್ಮಹತ್ಯೆ. ಬೇಗ ಬೇಗ ತೂಕ ಇಳಿಯುವುದು, ತಲೆಸುತ್ತಿ ಬೀಳುವುದು, ಮುಟ್ಟು ನಿಲ್ಲುವುದು, ಸದಾ ಚಳಿ, ನಾಡಿಬಡಿತ ನಿಧಾನವಾಗುವುದು, ತಿನ್ನುವ ಪದಾರ್ಥಗಳ ಪಟ್ಟಿ ತಿಂಗಳಿಂದ ತಿಂಗಳಿಗೆ ಚಿಕ್ಕದಾಗುತ್ತ ಹೋಗುವುದು ಕಂಡರೆ ಕಾಯಬಾರದು. ಮೊದಲು ಹೃದಯ ಮತ್ತು ರಕ್ತದ ಲವಣಾಂಶಗಳ ತಪಾಸಣೆ, ಆಮೇಲೆ ಉಳಿದದ್ದು.

ತಟ್ಟೆಗೆ ಮೊದಲು ಕೋಣೆ

ಹೆಸರು ಯಾವುದಾದರೇನು, ಉಣ್ಣಿಸಿದರೆ ಆಯಿತಲ್ಲ ಎನ್ನುವವರಿದ್ದಾರೆ. ಉಣ್ಣಿಸುವುದು ಹೇಗೆ ಎಂಬಲ್ಲೇ ಹೆಸರು ಮುಖ್ಯವಾಗುವುದು. ಈಟಿಂಗ್ ಡಿಸಾರ್ಡರ್ ವಾರ್ಡಿನ ಮಾಮೂಲಿ ಚಿಕಿತ್ಸೆಯನ್ನು ಆಟಿಸಂ ಇರುವವಳ ಇಂದ್ರಿಯಗಳಿಂದ ನೋಡಿ: ಟ್ಯೂಬ್‌ಲೈಟಿನ ಬೆಳಕು, ಚಮಚ–ತಟ್ಟೆಗಳ ಸದ್ದಿನ ನಡುವೆ ಎಲ್ಲರ ಜೊತೆ ಊಟ, ದಿನಕ್ಕೊಂದು ಬಗೆ, ಗುಂಪಿನಲ್ಲಿ ಕೂತು ಮನಸ್ಸು ಬಿಚ್ಚಿ ಮಾತಾಡಬೇಕೆಂಬ ನಿರೀಕ್ಷೆ, ಇಷ್ಟವಿಲ್ಲದ್ದನ್ನು ತಿಂದರೆ ಮಾತ್ರ ಗುಣವಾಗುತ್ತಿದ್ದಾಳೆಂಬ ಲೆಕ್ಕ. ಮೊಸರನ್ನ ಬೇಕು, ಸಾಂಬಾರ್ ಬೇಡ ಎಂದರೆ ಅದು ‘ಕಾಯಿಲೆಯ ಮಾತು’. ತೂಕದ ಭಯ ಇರುವವಳಿಗೆ ಈ ಕ್ರಮದಲ್ಲಿ ಅರ್ಥವಿದೆ, ಭಯವನ್ನು ಎದುರಿಸಿ ಎದುರಿಸಿಯೇ ಅದು ಸವೆಯಬೇಕು. ಇವಳ ಮಟ್ಟಿಗೆ ಅದು ಯಾವ ಭಯವನ್ನೂ ಸವೆಸುವುದಿಲ್ಲ. ಉಣ್ಣುವುದು ಹಿಂಸೆ ಎಂಬುದನ್ನು ದಿನಕ್ಕೆ ಆರು ಸಲ ಖಚಿತಪಡಿಸುತ್ತದೆ.

ದಕ್ಷಿಣ ಲಂಡನ್ನಿನ ಮಾಡ್ಸ್ಲಿ ಮನೋವೈದ್ಯಕೀಯ ಸಂಸ್ಥೆಯ ತಂಡ ಕೇಟ್ ಚಂಟೂರಿಯಾ ಅವರ ನೇತೃತ್ವದಲ್ಲಿ ‘ಪೀಸ್’ ಎಂಬ ಹೆಸರಿನಲ್ಲಿ ಕಟ್ಟಿದ ವಿಧಾನ ಇಲ್ಲಿಂದ ಹೊರಟಿತು. ಅವರು ಮೊದಲು ಮುಟ್ಟಿದ್ದು ಕೋಣೆಯನ್ನು. ಗೋಡೆಗೆ ತಿಳಿ ಬಣ್ಣ, ಕಡಿಮೆ ಸದ್ದು, ಕೈಗೆ ಹಿಡಿದು ಸಮಾಧಾನ ಪಡೆಯಲು ಸಣ್ಣಪುಟ್ಟ ವಸ್ತುಗಳ ಪೆಟ್ಟಿಗೆ. ಊಟಕ್ಕೆ ಸಪ್ಪೆ ರುಚಿಯ, ಬಣ್ಣ–ವಾಸನೆ ತೀಕ್ಷ್ಣವಿಲ್ಲದ ಪರ್ಯಾಯ ಮೆನು; ಕ್ಯಾಲೊರಿ, ಪೋಷಕಾಂಶ ಮಾತ್ರ ಉಳಿದವರಷ್ಟೇ. ಪ್ರತಿ ರೋಗಿಗೂ ಒಂದು ‘ಸಂವಹನ ಪಾಸ್‌ಪೋರ್ಟ್’: ನನಗೆ ಯಾವ ಸದ್ದು ಆಗದು, ಹೇಗೆ ಮಾತಾಡಿಸಿದರೆ ಅರ್ಥವಾಗುತ್ತದೆ, ಗಾಬರಿಯಾದಾಗ ಏನು ಮಾಡಬೇಕು ಎಂದು ಅವಳೇ ಬರೆದಿಟ್ಟ ಚೀಟಿ. ಪಾಳಿ ಬದಲಾದರೂ ಹೊಸ ನರ್ಸ್ ಅದನ್ನು ಓದಿಯೇ ಬರಬೇಕು. ಈ ಬದಲಾವಣೆಗಳ ನಂತರ ಆಟಿಸಂ ಇರುವ ರೋಗಿಗಳು ಆಸ್ಪತ್ರೆಯಲ್ಲಿ ಉಳಿಯುವ ಅವಧಿ ಕಡಿಮೆಯಾಯಿತು, ಖರ್ಚೂ ಇಳಿಯಿತು ಎಂದು ತಂಡ ವರದಿ ಮಾಡಿದೆ. ಒಂದೇ ಕೇಂದ್ರದ, ಸಣ್ಣ ಸಂಖ್ಯೆಯ ಫಲಿತಾಂಶ ಇದು. ಅದೇ ತಂಡ ಅದನ್ನು ಅಳೆದದ್ದು ಎಂಬುದನ್ನೂ ಮರೆಯಬಾರದು. ಆದರೂ ಗೋಡೆಗೆ ಬಣ್ಣ ಬಳಿಯುವ ಖರ್ಚು ಎಷ್ಟೆಂದು ಯೋಚಿಸಿದರೆ, ದೊಡ್ಡ ಪುರಾವೆ ಬರುವವರೆಗೆ ಕೈಕಟ್ಟಿ ಕೂರಲು ಕಾರಣ ಕಾಣುವುದಿಲ್ಲ.

ಚಿಕಿತ್ಸಕರ ಕಡೆಯಿಂದ ಬರುವ ಕೊನೆಯ ಆಕ್ಷೇಪ ಅನುಭವದಿಂದ ಹುಟ್ಟಿದ್ದು: ಹೀಗೆ ಒಂದೊಂದಾಗಿ ಬಿಟ್ಟುಕೊಡುತ್ತ ಹೋದರೆ ರೋಗವೇ ಆಟಿಸಂನ ಮುಸುಕು ಹಾಕಿಕೊಂಡು ಗೆಲ್ಲುತ್ತದೆ. ಇಂದು ಸಾಂಬಾರ್ ಬೇಡ, ನಾಳೆ ತುಪ್ಪ ಬೇಡ, ನಾಡಿದ್ದು ಅನ್ನವೇ ಬೇಡ. ಅಪಾಯ ನಿಜ, ಅನೊರೆಕ್ಸಿಯಾ ಅಷ್ಟು ಚತುರ ಕಾಯಿಲೆ. ಆದರೆ ಎರಡನ್ನೂ ಬೇರ್ಪಡಿಸಲು ಬಾಲ್ಯ ಸಹಾಯಕ್ಕೆ ಬರುತ್ತದೆ. ಮೂರು ವರ್ಷದಿಂದಲೂ ಸಾಂಬಾರ್ ಮುಟ್ಟದವಳು ಈಗಲೂ ಬೇಡ ಎಂದರೆ ಅದು ಅವಳ ನಾಲಿಗೆ. ಕಳೆದ ವರ್ಷದವರೆಗೂ ತುಪ್ಪ ಸುರಿದು ಉಣ್ಣುತ್ತಿದ್ದವಳು ಈಗ ಬೇಡ ಎಂದರೆ ಅದು ಅವಳ ರೋಗ. ಮೊದಲನೆಯದರಲ್ಲಿ ಬಗ್ಗಬೇಕು, ಎರಡನೆಯದರಲ್ಲಿ ಬಗ್ಗಬಾರದು. ತೂಕ ಮತ್ತೆ ಏರಲೇಬೇಕು ಎಂಬುದರಲ್ಲಿ ರಾಜಿಯಿಲ್ಲ. ಒಂದೇ ಬಗೆಯ ಹತ್ತು ಪದಾರ್ಥಗಳಿಂದ ಏರಿದರೂ ಅದು ಏರಿಕೆಯೇ.

ನಮ್ಮ ಒಪಿಡಿಯಲ್ಲಿ

ಈಟಿಂಗ್ ಡಿಸಾರ್ಡರ್ ಶ್ರೀಮಂತ ದೇಶಗಳ ಕಾಯಿಲೆ, ನಮ್ಮಲ್ಲೆಲ್ಲಿದೆ ಎಂಬ ಮಾತು ಇನ್ನೂ ಕೇಳಿಬರುತ್ತದೆ. ನಿಮ್ಹಾನ್ಸ್‌ನ ಪ್ರಭಾ ಚಂದ್ರ ಮತ್ತು ಸಹೋದ್ಯೋಗಿಗಳು ಬೆಂಗಳೂರಿನ ಮನೋವೈದ್ಯರನ್ನು ಸಮೀಕ್ಷೆ ಮಾಡಿ 2012ರಲ್ಲಿ ಪ್ರಕಟಿಸಿದ ವರದಿಯಲ್ಲಿ, ಉತ್ತರಿಸಿದವರ ಪೈಕಿ ಸುಮಾರು ಮೂರನೇ ಎರಡರಷ್ಟು ಮಂದಿ ಇಂಥ ರೋಗಿಗಳನ್ನು ಕಂಡಿದ್ದರು. ಮನೋವೈದ್ಯರವರೆಗೆ ತಲುಪದವರ ಲೆಕ್ಕ ಬೇರೆ. ನಮ್ಮಲ್ಲಿ ಉಣ್ಣದ ಹುಡುಗಿ ಮೊದಲು ಹೋಗುವುದು ಹೊಟ್ಟೆಯ ಡಾಕ್ಟರ ಬಳಿಗೆ; ಸ್ಕ್ಯಾನಿಂಗ್, ಎಂಡೋಸ್ಕೋಪಿ ಎಲ್ಲ ಮುಗಿದು ಏನೂ ಇಲ್ಲ ಎಂದಾದ ಮೇಲೆ ದೃಷ್ಟಿ ತೆಗೆಸುವುದು, ಹರಕೆ. ಸೋಮವಾರ, ಶನಿವಾರ, ಏಕಾದಶಿ ಎಂದು ಒಪ್ಪತ್ತು ಹಿಡಿದವಳು ವಾರದಲ್ಲಿ ಎಷ್ಟು ದಿನ ಉಂಡಳೆಂದು ಕೇಳುವವರು ಕಡಿಮೆ, ವ್ರತಕ್ಕೆ ನಮ್ಮಲ್ಲಿ ಮರ್ಯಾದೆ ಇದೆ. ಆಟಿಸಂ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಸ್ಥಿತಿಗಳಲ್ಲಿ ಒಂದು. ಆದರೆ ನಮ್ಮ ಕಲ್ಪನೆಯಲ್ಲಿ ಅದು ಮಾತು ಬಾರದ ಪುಟ್ಟ ಹುಡುಗನ ರೂಪದಲ್ಲೇ ನಿಂತಿದೆ, ಪಿಯುಸಿಯಲ್ಲಿ ಶೇ 90 ತೆಗೆದ ಹುಡುಗಿಯ ರೂಪದಲ್ಲಲ್ಲ.

ಒಂದು ವಿಷಯದಲ್ಲಿ ಮಾತ್ರ ನಮ್ಮ ವೈದ್ಯರು ಲಂಡನ್ನಿನವರಿಗಿಂತ ಅನುಕೂಲದಲ್ಲಿದ್ದಾರೆ. ವಯಸ್ಕರಲ್ಲಿ ಆಟಿಸಂ ಗುರುತಿಸಲು ಬಾಲ್ಯದ ವಿವರ ಬೇಕು, ಅದನ್ನು ಹೇಳುವವರು ಬೇಕು. ಒಬ್ಬಂಟಿಯಾಗಿ ಬರುವ ಮೂವತ್ತರ ರೋಗಿಗೆ ಅಲ್ಲಿ ಅದೇ ಕಷ್ಟ. ಇಲ್ಲಿ ಒಪಿಡಿಗೆ ರೋಗಿ ಒಬ್ಬಳೇ ಬರುವುದು ಅಪರೂಪ. ಅಮ್ಮ ಇರುತ್ತಾರೆ, ಎಷ್ಟೋ ಸಲ ಅಜ್ಜಿಯೋ ದೊಡ್ಡಮ್ಮನೋ ಇರುತ್ತಾರೆ, ಕೇಳದಿದ್ದರೂ ಹೇಳಲು ತಯಾರಾಗಿಯೇ ಇರುತ್ತಾರೆ. ಎದೆಹಾಲು ಬಿಡಿಸಿದ ಮೇಲೆ ಏನೇನು ತಿನ್ನುತ್ತಿದ್ದಳು, ಅನ್ನ ಮತ್ತು ಸಾರು ಬೇರೆಬೇರೆ ಬಟ್ಟಲಲ್ಲಿ ಬೇಕಿತ್ತೇ, ಕುಕ್ಕರ್ ಕೂಗಿದರೆ, ಮಿಕ್ಸಿ ತಿರುಗಿದರೆ ಕಿವಿ ಮುಚ್ಚುತ್ತಿದ್ದಳೇ, ಅಂಗಿಯ ಕೊರಳಪಟ್ಟಿಯ ಚೀಟಿ ಕತ್ತರಿಸಿ ಕೊಡಬೇಕಿತ್ತೇ, ಮದುವೆಮನೆಯಲ್ಲಿ ಎಲೆಯ ಮುಂದೆ ಕೂತು ಏನು ಮಾಡುತ್ತಿದ್ದಳು, ಜೊತೆಗಾರರ ಜೊತೆ ಆಡುತ್ತಿದ್ದಳೋ ಆಟ ನೋಡುತ್ತ ನಿಲ್ಲುತ್ತಿದ್ದಳೋ. ಹತ್ತು ಹದಿನೈದು ನಿಮಿಷದ ಕೆಲಸ. ಇಷ್ಟರಿಂದ ಆಟಿಸಂ ತೀರ್ಮಾನವಾಗುವುದಿಲ್ಲ, ತೀರ್ಮಾನಿಸಲೂಬಾರದು. ತೂಕ ಸುಧಾರಿಸಿದ ಮೇಲೆ ಸರಿಯಾದ ತಪಾಸಣೆಗೆ ಕಳಿಸಬೇಕೋ ಬೇಡವೋ, ಅಲ್ಲಿಯವರೆಗೆ ಸಾಂಬಾರಿನ ವಿಷಯದಲ್ಲಿ ಹಟ ಹಿಡಿಯಬೇಕೋ ಬೇಡವೋ ಎಂಬುದಂತೂ ಗೊತ್ತಾಗುತ್ತದೆ.